ಕಡಿದಾದ ದಾರಿ ಯಾವುದು?

ಸರ್ವಸ್ತುತಿ ಸಕಲ ಲೋಕಗಳ ಪ್ರಭುವಾದ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅವನ ಕರುಣೆ, ಶಾಂತಿ ಇರಲಿ.

ಮಾನ್ಯ ಸಹೋದರರೇ,

ಬ್ರಿಟನ್ನಿನಂತಹ ದೇಶಗಳ ಮುಸ್ಲಿಮ್ ಯುವಕ ಯುವತಿಯರಲ್ಲಿ ಒಂದು ರೂಢಿ ಬೆಳೆದಿದೆ. ಒಂದು ಎತ್ತರದ ಬೆಟ್ಟ ಹತ್ತುತ್ತೇವೆಂದು ಅವರು ಹೇಳಿಕೊಳ್ಳುತ್ತಾರೆ. ಬಂಧುಗಳು, ಗೆಳೆಯರು ಅವರ ಹೆಸರಿನಲ್ಲಿ ಹಣ ಕೊಡುತ್ತಾರೆ. ಆ ಹಣ ಅನಾಥ ಮಕ್ಕಳಿಗೆ, ಕುಡಿಯುವ ನೀರಿನ ಬಾವಿಗಳಿಗೆ, ಯುದ್ಧದಲ್ಲಿ ಮನೆ ಕಳೆದುಕೊಂಡವರಿಗೆ ಹೋಗುತ್ತದೆ. ಹೊರದೇಶದಲ್ಲಿ ದುಡಿಯುವ ನಮ್ಮ ಮಕ್ಕಳ ಫೋನಿಗೂ ಇಂತಹ ಕೋರಿಕೆಗಳು ಬರುತ್ತವೆ. “ಉಸ್ತಾದ್, ಇದು ಸದಕಾ ಆಗುತ್ತದೆಯೇ? ಝಕಾತ್ ಕೊಡಬಹುದೇ?” ಎಂದು ಮನೆಯವರು ನಮ್ಮನ್ನು ಕೇಳುತ್ತಾರೆ. ಇಂದು ಆ ಬಗ್ಗೆ ಯೋಚಿಸೋಣ.

ಹೀಗೆ ಹೊರಟವರಲ್ಲಿ ಅನೇಕರು ಆರಿಸಿಕೊಳ್ಳುವುದು ತಾಂಝಾನಿಯಾದ ಕಿಲಿಮಂಜಾರೋ ಪರ್ವತವನ್ನು. ಆಫ್ರಿಕಾದ ಅತಿ ಎತ್ತರದ ಈ ಪರ್ವತ 5,895 ಮೀಟರ್ ಇದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಹಗ್ಗ ಹಿಡಿದು ಬಂಡೆ ಏರುವ ವಿದ್ಯೆ ಬೇಕಿಲ್ಲ, ನಡೆದೇ ಹೋಗಬಹುದು. ಆದರೆ ತುದಿಯಲ್ಲಿ ನಮ್ಮ ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಅರ್ಧದಷ್ಟು ಮಾತ್ರ. ಕೊನೆಯ ಏರು ಸಾಮಾನ್ಯವಾಗಿ ನಡುರಾತ್ರಿ, ಹೆಪ್ಪುಗಟ್ಟಿಸುವ ಚಳಿಯಲ್ಲಿ ಶುರುವಾಗುತ್ತದೆ. ಹತ್ತಿದವರ ಕಷ್ಟ ಸುಳ್ಳಲ್ಲ. ಅದರಿಂದ ಕೂಡುವ ಹಣವೂ ಸಣ್ಣದಲ್ಲ. 2009ರಲ್ಲಿ ಬ್ರಿಟನ್ನಿನ ಕೆಲವು ಪ್ರಸಿದ್ಧ ಕಲಾವಿದರು ಈ ಬೆಟ್ಟ ಹತ್ತಿದಾಗ ಆಫ್ರಿಕಾದ ಮಲೇರಿಯಾ ತಡೆಗೆ 30 ಲಕ್ಷ ಪೌಂಡ್‌ಗೂ ಹೆಚ್ಚು ಸಂಗ್ರಹವಾಯಿತು.

ದಾನವನ್ನು ಬಹಿರಂಗವಾಗಿ ಮಾಡುವುದು ತಪ್ಪಲ್ಲ. ಸೂರಃ ಅಲ್‌ಬಕರದ 271ನೇ ವಚನವು ಬಹಿರಂಗ ದಾನವನ್ನು ಒಳ್ಳೆಯದೆಂದೂ ಬಡವರಿಗೆ ಗುಟ್ಟಾಗಿ ಕೊಡುವುದನ್ನು ಇನ್ನೂ ಒಳ್ಳೆಯದೆಂದೂ ತಿಳಿಸುತ್ತದೆ. ಮುದರ್ ಗೋತ್ರದವರು ಮದೀನಕ್ಕೆ ಬಂದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರ ಮೈಮೇಲೆ ಸರಿಯಾದ ಬಟ್ಟೆಯಿರಲಿಲ್ಲ, ಕಾಲಿಗೆ ಚಪ್ಪಲಿ ಇರಲಿಲ್ಲ. ಆ ಬಡತನ ಕಂಡು ಪ್ರವಾದಿಯವರ(ಸ) ಮುಖದ ಬಣ್ಣವೇ ಬದಲಾಯಿತು. ನಮಾಝಿನ ನಂತರ ಅವರು ಜನರಲ್ಲಿ ದಾನಕ್ಕೆ ಕರೆ ಕೊಟ್ಟರು. ಆಗ ಅನ್ಸಾರಿಗಳಲ್ಲೊಬ್ಬರು ಕೈಯಲ್ಲಿ ಹಿಡಿಯಲಾರದಷ್ಟು ಭಾರದ ಚೀಲ ಹೊತ್ತು ತಂದರು. ಅದನ್ನು ನೋಡಿ ಒಬ್ಬರ ಹಿಂದೊಬ್ಬರು ತಂದರು. ಕೊನೆಗೆ ಧಾನ್ಯದ್ದೊಂದು, ಬಟ್ಟೆಯದ್ದೊಂದು ರಾಶಿಯೇ ಆಯಿತು. ಒಳ್ಳೆಯ ಮಾದರಿ ಹಾಕಿಕೊಟ್ಟವನಿಗೆ ಅದರ ಪ್ರತಿಫಲವೂ, ಅದನ್ನು ಅನುಸರಿಸಿದವರ ಪ್ರತಿಫಲದಷ್ಟೂ ಇದೆಯೆಂದು ಪ್ರವಾದಿಯವರು(ಸ) ಅಂದು ತಿಳಿಸಿದರು. ಬೆಟ್ಟ ಹತ್ತುವವನು ಇತರರ ಕೈಯಿಂದ ದಾನ ಮಾಡಿಸುವನಾದರೆ ಅವನಿಗೂ ಈ ಪಾಲಿದೆ ಎಂದು ನಾವು ಆಶಿಸುತ್ತೇವೆ.

ಆದರೆ ಹೊರಡುವ ಮುನ್ನ ನಾಲ್ಕು ವಿಷಯ ಸ್ಪಷ್ಟವಾಗಬೇಕು.

ಮೊದಲನೆಯದು, ಖರ್ಚು ಯಾರದು? ವಿಮಾನದ ಟಿಕೆಟ್, ಉದ್ಯಾನದ ಶುಲ್ಕ, ಮಾರ್ಗದರ್ಶಿ, ಡೇರೆ, ಊಟ ಎಲ್ಲ ಸೇರಿ ಲಕ್ಷಗಟ್ಟಲೆ ರೂಪಾಯಿ ಆಗುತ್ತದೆ. ಕೆಲವರು ಇದನ್ನು ಸ್ವಂತ ಜೇಬಿನಿಂದ ಭರಿಸುತ್ತಾರೆ. ಇನ್ನು ಕೆಲವು ಕಡೆ ಇಂತಿಷ್ಟು ಹಣ ಕೂಡಿಸಿದರೆ ಸಂಸ್ಥೆಯೇ ಅದರಿಂದ ಪ್ರಯಾಣದ ಖರ್ಚು ಭರಿಸುತ್ತದೆ. ಕೊಡುವವನು ಅನಾಥನ ಊಟಕ್ಕೆಂದು ಕೊಟ್ಟಿರುತ್ತಾನೆ. ಅದರಲ್ಲಿ ಒಂದು ಪಾಲು ಟಿಕೆಟ್ಟಿಗೆ ಹೋಗುವುದಾದರೆ ಮೊದಲೇ ಅವನಿಗೆ ತಿಳಿಸಬೇಕು. ಆ ಹಣ ಅಮಾನತ್ತು. ಝಕಾತಿನ ಹಕ್ಕುದಾರರನ್ನಂತೂ ಸೂರಃ ಅತ್ತೌಬಾದ 60ನೇ ವಚನದಲ್ಲಿ ಅಲ್ಲಾಹನೇ ಎಂಟು ವರ್ಗಗಳಾಗಿ ನಿಗದಿಪಡಿಸಿದ್ದಾನೆ. ಬೆಟ್ಟ ಹತ್ತುವವನ ಪ್ರಯಾಣ ಅದರಲ್ಲಿಲ್ಲ. ಆದ್ದರಿಂದ ನಮ್ಮ ಸಲಹೆ: ಹತ್ತುವವನು ತನ್ನ ಖರ್ಚನ್ನು ತಾನೇ ಭರಿಸಲಿ. ನೀವು ಸದಕಾ ಕೊಡಿ. ಪೂರ್ಣ ಮೊತ್ತ ಅರ್ಹರಿಗೇ ತಲುಪುವ ಖಾತರಿ ಇದ್ದರೆ ಮಾತ್ರ ಝಕಾತ್ ಕೊಡಿ.

ಎರಡನೆಯದು, ಹೊರೆ ಹೊರುವವರ ಹಕ್ಕು. ಕಿಲಿಮಂಜಾರೋವನ್ನು ಯಾರೂ ಒಂಟಿಯಾಗಿ ಹತ್ತುವುದಿಲ್ಲ. ಡೇರೆ, ಅಕ್ಕಿ, ಗ್ಯಾಸ್, ನಮ್ಮ ಚೀಲ ಎಲ್ಲವನ್ನೂ ಅಲ್ಲಿನ ಹಮಾಲಿಗಳು ಹೊತ್ತು ಮುಂದೆ ಹೋಗಿರುತ್ತಾರೆ. ಒಬ್ಬರ ಹೊರೆ 20 ಕಿಲೋ ಮೀರಬಾರದೆಂಬ ನಿಯಮವಿದೆ. ಅಗ್ಗದ ದರಕ್ಕೆ ಕರೆದೊಯ್ಯುವ ಕಡೆ ಇವರ ಕೂಲಿಗೆ, ಊಟಕ್ಕೆ, ಬೆಚ್ಚನೆಯ ಬಟ್ಟೆಗೆ ಕತ್ತರಿ ಬೀಳುವುದುಂಟು. ಆಳಿನಿಂದ ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನ ತಾನೇ ವಾದಿಯಾಗಿ ನಿಲ್ಲುವುದಾಗಿ ಅಲ್ಲಾಹನು ಎಚ್ಚರಿಸಿದ್ದಾನೆ. ಈ ಹದೀಸ್ ಬುಖಾರಿಯಲ್ಲಿದೆ. ದೂರದ ಬಡವನಿಗಾಗಿ ಹಣ ಕೂಡಿಸಲು ಹೋಗಿ ಪಕ್ಕದಲ್ಲಿ ನಡೆಯುವ ಬಡವನ ಹಕ್ಕು ನುಂಗಿದರೆ ಅದೆಂಥ ದಾನ? ಹೊರಡುವ ಮೊದಲೇ ಕೂಲಿ ಎಷ್ಟೆಂದು ಕೇಳಿ ತಿಳಿಯಿರಿ.

ಮೂರನೆಯದು, ಪ್ರಾಣದ ಮಾತು. ನಮ್ಮನ್ನು ನಾವೇ ನಾಶಕ್ಕೆ ದೂಡಿಕೊಳ್ಳಬಾರದೆಂದು ಸೂರಃ ಅಲ್‌ಬಕರದಲ್ಲಿ ಆಜ್ಞೆಯಿದೆ. ಎತ್ತರದ ಗಾಳಿ ಒಗ್ಗದೆ ತಲೆನೋವು, ವಾಂತಿ ಬರುತ್ತದೆ. ಅದು ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಹಟ ಹಿಡಿದು ಮೇಲೇರಿದರೆ ಪ್ರಾಣಕ್ಕೇ ಅಪಾಯ. ಆದರೆ “ಇಷ್ಟು ಜನ ಹಣ ಕೊಟ್ಟಿದ್ದಾರೆ, ಅರ್ಧಕ್ಕೆ ಬಂದರೆ ಏನೆಂದಾರು?” ಎಂಬ ನಾಚಿಕೆ ಯುವಕನನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿ ಕೊಡುವವರ ಹೊಣೆಯೂ ಇದೆ. ತುದಿ ಮುಟ್ಟಿದರೆ ಮಾತ್ರ ಕೊಡುತ್ತೇವೆ ಎನ್ನಬೇಡಿ. ಅನಾಥನ ಹಸಿವು ಇನ್ನೊಬ್ಬನ ಕಾಲಿನ ಬಲವನ್ನು ಕಾಯುವುದಿಲ್ಲ. “ಮಗನೇ, ನೀನು ಎಲ್ಲಿಂದ ಹಿಂದಿರುಗಿದರೂ ನಮ್ಮ ಹಣ ಅವರಿಗೇ” ಎಂದು ಹೇಳಿ ಕಳಿಸಿ.

ನಾಲ್ಕನೆಯದು, ನಿಯ್ಯತ್. ಭೂಮಿಯ ಮೇಲೆ ಗರ್ವದಿಂದ ನಡೆಯಬೇಡ, ಎತ್ತರದಲ್ಲಿ ನೀನು ಪರ್ವತಗಳನ್ನು ಮುಟ್ಟಲಾರೆ ಎಂಬುದು ಸೂರಃ ಅಲ್‌ಇಸ್ರಾದ ಬೋಧನೆ. ತುದಿಯ ಫೋಟೋ ತೆಗೆಯುವಾಗ ಇದು ನೆನಪಿರಲಿ. ಉದಾರಿಯೆಂದು ಕರೆಸಿಕೊಳ್ಳಲು ಕೊಟ್ಟವನ ದಾನವೇ ಅವನನ್ನು ನರಕಕ್ಕೆ ಒಯ್ದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಪ್ರವಾದಿಯವರ(ಸ) ಸಂಗಾತಿಗಳು ಏರು ಹತ್ತುವಾಗ ತಕ್ಬೀರ್, ಇಳಿಯುವಾಗ ತಸ್ಬೀಹ್ ಹೇಳುತ್ತಿದ್ದರು. ಮೇಲೇರಿದಾಗ ದೊಡ್ಡವನು ನಾನಲ್ಲ, ಅಲ್ಲಾಹನು ಎಂದು ನಾಲಿಗೆಯೇ ನೆನಪಿಸಬೇಕು.

ಇಳಿದು ಬಂದ ಮೇಲೆ ಏನು ಎಂಬುದೂ ಮುಖ್ಯ. 1953ರಲ್ಲಿ ತೇನ್‌ಸಿಂಗ್ ಜೊತೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ ಆ ಕೀರ್ತಿಯಲ್ಲೇ ಕಾಲ ಕಳೆಯಲಿಲ್ಲ. ತಮ್ಮ ಹೊರೆ ಹೊತ್ತ ಶೆರ್ಪಾಗಳ ಊರಿಗೆ ಮತ್ತೆ ಮತ್ತೆ ಹೋದರು. 1961ರಲ್ಲಿ ಖುಮ್‌ಜುಂಗ್‌ನಲ್ಲಿ ಶಾಲೆ, 1966ರಲ್ಲಿ ಕುಂಡೆಯಲ್ಲಿ ಆಸ್ಪತ್ರೆ ಕಟ್ಟಿಸಿದರು. ಒಳಿತು ಎಲ್ಲಿದ್ದರೂ ಅದರಿಂದ ಕಲಿಯಬೇಕು.

ಸಹೋದರರೇ, ಸೂರಃ ಅಲ್‌ಬಲದ್ ಒಂದು ಪ್ರಶ್ನೆ ಕೇಳುತ್ತದೆ: ಕಡಿದಾದ ಏರುದಾರಿ ಯಾವುದೆಂದು ನಿಮಗೆ ಗೊತ್ತೇ? ಉತ್ತರವನ್ನೂ ಅದೇ ಕೊಡುತ್ತದೆ. ಗುಲಾಮನನ್ನು ಬಿಡಿಸುವುದು, ಹಸಿವಿನ ದಿನ ಹತ್ತಿರದ ಅನಾಥನಿಗೆ, ಮಣ್ಣಿನಲ್ಲಿ ಬಿದ್ದಿರುವ ಬಡವನಿಗೆ ಉಣಿಸುವುದು. ಆ ಏರಿಗೆ ವೀಸಾ ಬೇಡ, ಟಿಕೆಟ್ ಬೇಡ. ಬಾಡಿಗೆ ಕಟ್ಟಲಾಗದ ವಿಧವೆಯ ಮನೆ, ಫೀಸು ಬಾಕಿಯಿರುವ ಮಗುವಿನ ಮನೆ ನಮ್ಮ ಮಸೀದಿಯ ಸುತ್ತಲೇ ಇದೆ. ಹೋಗಬಲ್ಲ ಯುವಕರು ಶುದ್ಧ ನಿಯ್ಯತ್ತಿನಿಂದ ಕಿಲಿಮಂಜಾರೋಗೆ ಹೋಗಲಿ, ನಮ್ಮ ದುಆ ಅವರ ಜೊತೆಗಿದೆ. ಉಳಿದವರು ಈ ವಾರವೇ ಒಂದು ಮನೆಯ ಮೆಟ್ಟಿಲು ಹತ್ತೋಣ.

ಅಲ್ಲಾಹನು ನಮ್ಮ ದಾನಗಳನ್ನು ತೋರಿಕೆಯಿಂದ ಕಾಪಾಡಲಿ. ಪ್ರಯಾಣದಲ್ಲಿರುವ ನಮ್ಮ ಮಕ್ಕಳನ್ನು ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.