ನಾಟಕ ಕಂಪನಿಯ ಲಾಭ ಎಲ್ಲಿಗೆ ಹೋಯಿತು?

(ಶಿವಯೋಗ ಮಂದಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲಿಗೆ ಸಮೀಪದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ಜಾತ್ರೆ ಬಂತೆಂದರೆ ನಾಟಕ ಕಂಪನಿಗಳಿಗೆ ಸುಗ್ಗಿ. ಮಳೆಗಾಲದ ನಷ್ಟವನ್ನು ಅಲ್ಲಿ ತುಂಬಿಕೊಳ್ಳಬೇಕು. ಇಂಥ ಗಳಿಕೆಯನ್ನು ಬಳಸುವ ಎರಡು ದಾರಿಗಳನ್ನು ಕನ್ನಡ ನಾಡು ಕಂಡಿದೆ.

ಒಂದು, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯದು. ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದರು. ರಂಗದಲ್ಲಿ ಗಳಿಸಿದ್ದನ್ನು ಥಿಯೇಟರು, ಸಿನಿಮಾಗಳಿಗೆ ಹೂಡಿದರು. 1954ರ 'ಬೇಡರ ಕಣ್ಣಪ್ಪ' ಚಿತ್ರದ ನಿರ್ಮಾಣದಲ್ಲೂ ಅವರಿದ್ದರು. ರಾಜಕುಮಾರ್ ನಾಯಕನಾದದ್ದು ಅದರಲ್ಲೇ.

ಇನ್ನೊಂದರ ಬೇರು ಈ ಮಂದಿರದಲ್ಲಿದೆ. 1909ರಲ್ಲಿ ಇದನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಅಂಧರಾದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತದ ಶಿಕ್ಷಣ ಕೊಡಿಸಿದರು. ಗವಾಯಿಗಳು ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನಡೆಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ನಾಟಕ ಬರೆದರು; ಆಶ್ರಮದ ಕಂಪನಿ ಊರೂರು ತಿರುಗಿತು. ಟಿಕೆಟ್ಟಿನ ದುಡ್ಡು ಅಂಧ ಮಕ್ಕಳ ಊಟಕ್ಕೆ, ವಿದ್ಯೆಗೆ ಸಂದಿತು.

ಮೊದಲ ದಾರಿಯಲ್ಲಿ ಲಾಭವೆಂದರೆ ಮುಂದಿನ ಆಟದ ಬಂಡವಾಳ. ಅದಿಲ್ಲದೆ ಕನ್ನಡ ಚಿತ್ರರಂಗ ಇಷ್ಟು ಬೆಳೆಯುತ್ತಿರಲಿಲ್ಲ. ಎರಡನೆಯದರಲ್ಲಿ ಲಾಭವೆಂದರೆ ದಾಸೋಹ. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾದರೂ ಅಂಧ ಮಕ್ಕಳು ಅಲ್ಲಿ ಇಂದಿಗೂ ಸಂಗೀತ ಕಲಿಯುತ್ತಿದ್ದಾರೆ. ಆ ಸ್ವರದಲ್ಲಿ ಹಿಂದೆ ನಾಟಕ ನೋಡಿದ ನಿಮ್ಮ ಹಿರಿಯರ ಟಿಕೆಟ್ಟಿನ ಪಾಲೂ ಇದೆ.