ನಾಯಿಯ ಮದ್ದು, ಬೆಕ್ಕಿನ ಮೈ

ಚಿಗಟದ ಕಾಟ ತಾಳಲಾರದೆ, ನಾಯಿಗೆಂದು ತಂದ ಔಷಧಿಯನ್ನೇ ಬೆಕ್ಕಿನ ಕತ್ತಿಗೂ ನಾಲ್ಕು ಹನಿ ಬಿಡುವವರಿದ್ದಾರೆ. ಅದರ ಬೆಲೆ ನೋಡಿದರೆ ಅವರನ್ನು ಬೈಯಲೂ ಮನಸ್ಸು ಬಾರದು. ಆದರೆ ಇಂಥ ಹಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಸೇವಂತಿಗೆ ಜಾತಿಯ ಒಂದು ಹೂವಿನ ಕೀಟನಾಶಕ ಗುಣವನ್ನು ಅನುಸರಿಸಿ ತಯಾರಿಸಿದ ರಾಸಾಯನಿಕ ಅದು. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರಾ ಕಡಿಮೆ.

ವಿಷ ತಗಲಿದ ಬೆಕ್ಕಿನ ಕಿವಿ ಅದುರುತ್ತದೆ, ಮುಖ ಸೆಳೆಯುತ್ತದೆ, ಬಾಯಲ್ಲಿ ಜೊಲ್ಲು. ಆಮೇಲೆ ಮೈಯೆಲ್ಲ ನಡುಕ, ಕೆಲವೊಮ್ಮೆ ಫಿಟ್ಸ್. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ; ಹೊರಡುವಾಗ ಔಷಧಿಯ ಡಬ್ಬಿಯೂ ಜೊತೆಗಿರಲಿ. ಫಿಟ್ಸ್ ಇಲ್ಲದೆ ಬೆಕ್ಕು ಎಚ್ಚರವಾಗಿದ್ದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಮೈ ತೊಳೆಯಬಹುದು. ಬಿಸಿನೀರು ಬೇಡ, ಚರ್ಮ ವಿಷವನ್ನು ಇನ್ನಷ್ಟು ಹೀರುತ್ತದೆ. ತಣ್ಣೀರೂ ಬೇಡ, ಮೈ ತಣ್ಣಗಾದರೆ ನಡುಕ ಹೆಚ್ಚುತ್ತದೆ. ಒರೆಸಿ, ಟವೆಲಿನಲ್ಲಿ ಸುತ್ತಿ, ಮೈ ನೆಕ್ಕಿಕೊಳ್ಳದಂತೆ ನೋಡಿಕೊಳ್ಳಿ. ವಿಷ ಇಳಿಯಲೆಂದು ಹಾಲು ಕುಡಿಸುವ ಆತುರ ಬೇಡವೇ ಬೇಡ. ನಡುಗುವ ಬೆಕ್ಕಿನ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಹೋದೀತು.

ಪರ್ಮೆಥ್ರಿನ್‌ಗೆ ನೇರ ಪ್ರತಿವಿಷವಿಲ್ಲ. ವೈದ್ಯರು ನಡುಕ ಇಳಿಸುವ ಇಂಜೆಕ್ಷನ್, ಡ್ರಿಪ್ ಕೊಟ್ಟು ಕಾಯುತ್ತಾರೆ. ಬೇಗ ಚಿಕಿತ್ಸೆ ಸಿಕ್ಕ ಹೆಚ್ಚಿನ ಬೆಕ್ಕುಗಳು 1ರಿಂದ 3 ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಮನೆಗೆ ಬಂದ ಮೇಲೆ ಮಂದ ಬೆಳಕಿನ, ಗದ್ದಲವಿಲ್ಲದ ಮೂಲೆ ಕೊಡಿ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುವ ಕಾಲ ಅದು. ಔಷಧಿ ಹಚ್ಚಿದ ನಾಯಿಯನ್ನು ಕೆಲವು ದಿನ ಬೇರೆಯೇ ಇಡಿ. ಅದರ ಮೈಗೆ ಒರಗಿ ಮಲಗಿದರೂ ಬೆಕ್ಕಿಗೆ ವಿಷ ತಗಲೀತು.