ಗುಡುಗು ಕೇಳಿದ ಮೇಲೆ ಎರಡು ಸಾಲು



ಇವತ್ತು ಬೀಜದ ಮಾತಿಲ್ಲ, ಗೊಬ್ಬರದ ಮಾತಿಲ್ಲ. ಮಳೆಯ ಮಾತು ಆಡೋಣ. ಅದೂ ಮಳೆ ಗಾಳಿಯ ಸುದ್ದಿ ಹೇಳಿಕೊಂಡು ನಗುವದಕ್ಕೆಂದೇ ವರ್ಷಕ್ಕೊಮ್ಮೆ ಕೂಡುವ ಜನರ ಮಾತು. ನಗೆಯಿಂದ ಸುರು ಮಾಡೋಣ. ಆಮೇಲೆ ನಗಬಾರದ ಒಂದು ಸಂಗತಿ ಅದ, ಅದನ್ನೂ ಕೇಳಿರಿ.

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಾಗ ಸಸ್ತಾಪುರ ಬಂಗ್ಲೆಯ ಹತ್ತಿರ ಸೊಲ್ಲಾಪುರ-ಹೈದರಾಬಾದ ಹೆದ್ದಾರಿ ಸಿಗುತ್ತದೆ. ಆ ಹೆದ್ದಾರಿಯ ಎಡಬಲಕ್ಕೆ ನಿಮಗೆ ಬೇಕಾದ ಹಳ್ಳಿಗೆ ಇಳಿಯಿರಿ. ಯುಗಾದಿಯ ಸಂಜೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಜನ ಕೂಡಿರುತ್ತಾರೆ. ಬೇವು-ಬೆಲ್ಲ ಆಗಿರುತ್ತದೆ. ಪಂಚಾಂಗ ಓದುವವರು ಈ ವರ್ಷ ಮೇಘಾಧಿಪತಿ ಯಾರು, ಮಳೆ ಎಷ್ಟು ಕೊಳಗ, ಅದರಲ್ಲಿ ಸಮುದ್ರಕ್ಕೆ ಎಷ್ಟು ಪಾಲು, ಬೆಟ್ಟಕ್ಕೆ ಎಷ್ಟು ಪಾಲು, ಭೂಮಿಗೆ ಎಷ್ಟು ಪಾಲು ಎಂದು ಹೇಳುತ್ತಾರೆ. ಕೂಡಲೇ ಹಿಂದಿನಿಂದ ಒಬ್ಬ ಕೇಳುತ್ತಾನೆ: “ಸಮುದ್ರಕ್ಕ ಮೊದಲೇ ನೀರು ಭಾಳ ಅದ. ಅದರ ಪಾಲು ನಮ್ಮ ತೊಗರಿಗೆ ಬರಕೊಡ್ರಿ ಸ್ವಾಮಿ!”

ಆಮೇಲೆ ಮಳೆಯ ವಾಹನದ ಮಾತು. ಯಾವ ನಕ್ಷತ್ರದ ಮಳೆ ಕುದುರೆಯ ಮೇಲೆ, ಯಾವುದು ಕಪ್ಪೆಯ ಮೇಲೆ, ಯಾವುದು ಕತ್ತೆಯ ಮೇಲೆ. “ಮಿರಗ ಕತ್ತಿ ಮ್ಯಾಲ ಬಂದ್ರ ಹೀಂಗೇ ನೋಡ್ರಿ. ಊರ ಮುಂದ ನಿಂತು ಒದರ್ತದ, ಒಳಗ ಬರೂದಿಲ್ಲ.” ಕಟ್ಟೆಯೆಲ್ಲ ನಗುತ್ತದೆ.

ಇಂಥ ಕಟ್ಟೆಗೊಬ್ಬ ಮುತ್ಯಾ ಇದ್ದೇ ಇರುತ್ತಾನೆ. “ನಾ ಅರವತ್ತು ಮಿರಗ ನೋಡೀನಿ. ಮೋಡದ ಮಾರಿ ನೋಡಿ ಹೇಳ್ತೀನಿ” ಅನ್ನುತ್ತಾನೆ. ಹುಡುಗನೊಬ್ಬ ಬಿಡುವದಿಲ್ಲ: “ಖರೇ ಮುತ್ಯಾ. ಹೋದ ತಿಂಗಳ ನೀವು ಮಳಿ ಬರೂದಿಲ್ಲ ಅಂದ್ರಿ, ನಾ ಜ್ವಾಳದ ರಾಶಿ ಮುಚ್ಚಲಿಲ್ಲ. ರಾಶಿ ತೋಯ್ತು, ನಿಮ್ಮ ಮಾತು ಮಾತ್ರ ಒಣಗೇ ಉಳೀತು.” ಮುತ್ಯಾನೂ ನಗುತ್ತಾನೆ. ಹೋದ ವರ್ಷದ ತಪ್ಪುಗಳನ್ನೆಲ್ಲ ಹೀಗೆ ಹೇಳಿ ನಕ್ಕು ಮುಗಿಸಿ ಹೊಸ ವರ್ಷಕ್ಕೆ ಕಾಲಿಡುವದು ನಮ್ಮ ಕಡೆಯ ಪದ್ಧತಿ.

ಇಂಥ ಕಟ್ಟೆ ನಮ್ಮಲ್ಲಿ ಮಾತ್ರ ಅದ ಎಂದು ತಿಳಿಯಬೇಡಿರಿ. ಅಮೇರಿಕೆಯ ನಡುಬಯಲಿನಲ್ಲಿ, ಒಕ್ಲಹೋಮಾ, ಕ್ಯಾನ್ಸಸ್ ಎಂಬ ಸೀಮೆಗಳಲ್ಲಿ, ಏಪ್ರಿಲ್ ಮೇ ತಿಂಗಳು ಬಂತೆಂದರೆ ದೊಡ್ಡ ದೊಡ್ಡ ಸುಂಟರಗಾಳಿ ಏಳುತ್ತವೆ. ಜನ ಅವುಗಳಿಂದ ದೂರ ಓಡುವಾಗ ಕೆಲವರು ಕಾರು ಹತ್ತಿ ಅವುಗಳ ಬೆನ್ನು ಹತ್ತುತ್ತಾರೆ. ಬಿರುಗಾಳಿಯನ್ನು ಹುಡುಕಿಕೊಂಡು ಹೋಗಿ ನೋಡುವದೇ ಅವರ ಹವ್ಯಾಸ. ಕೆಲವರು ಚಿತ್ರ ತೆಗೆಯಲು, ಕೆಲವರು ಅಳತೆ ಮಾಡಲು, ಕೆಲವರು ಬರೇ ಕಣ್ಣು ತುಂಬ ನೋಡಲು ಹೋಗುವವರು. ಇವರಲ್ಲಿ ಟಿಮ್ ಸಮಾರಸ್, ರೋಜರ್ ಹಿಲ್ ಎಂಬವರು ಡೆನ್ವರ್ ಪಟ್ಟಣದಲ್ಲಿ ಇಂಥವರದೇ ಒಂದು ವಾರ್ಷಿಕ ಕೂಟ ಸುರು ಮಾಡಿದರು. ಅನೇಕ ವರ್ಷ ಚಳಿಗಾಲದಲ್ಲಿ ಅದು ನಡೆಯಿತು. ಅಲ್ಲಿಯೂ ನಮ್ಮ ಕಟ್ಟೆಯಂಥದೇ ಚೇಷ್ಟೆ. ಸಾವಿರ ಮೈಲು ಕಾರು ಓಡಿಸಿ, ಬರೇ ನೀಲಿ ಆಕಾಶ ನೋಡಿ ಮನೆಗೆ ಬಂದವನ ಕಥೆ ಹೇಳಿ ನಗುವದು ಅವರಿಗೂ ರೂಢಿ.

ಆದರೆ ಅವರ ನಗೆಗೆ ಒಂದು ಪೆಟ್ಟು ಬಿತ್ತು. ಟಿಮ್ ಸಮಾರಸ್ ಹುಚ್ಚು ಧೈರ್ಯದ ಮನುಷ್ಯನಲ್ಲ. ಗಾಳಿಯ ದಾರಿಯಲ್ಲಿ ಯಂತ್ರ ಇಟ್ಟು ದೂರ ಸರಿದು ನಿಲ್ಲುವವರು. 2003ರಲ್ಲಿ ಸೌತ್ ಡಕೋಟಾದ ಒಂದು ಸುಂಟರಗಾಳಿಯ ಒಳಗೆ ವಾಯುಭಾರ 100 ಮಿಲಿಬಾರಿನಷ್ಟು ಕುಸಿದುದನ್ನು ಅವರ ಯಂತ್ರ ಅಳೆದು ತೋರಿಸಿತ್ತು. ಎಚ್ಚರಿಕೆಯವರೆಂದೇ ಅವರಿಗೆ ಹೆಸರು. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಎಂಬ ಊರಿನ ಬಳಿ ಎದ್ದ ಸುಂಟರಗಾಳಿ 4 ಕಿಲೋಮೀಟರಿಗಿಂತ ಹೆಚ್ಚು ಅಗಲವಾಯಿತು. ಅದು ಏಕಾಏಕಿ ಹಿಗ್ಗಿತು, ದಾರಿ ತಿರುಗಿಸಿತು. ಸಮಾರಸ್, ಅವರ ಮಗ ಪಾಲ್, ಸಂಗಡಿಗ ಕಾರ್ಲ್ ಯಂಗ್ ಮೂವರೂ ಕಾರಿನಲ್ಲಿದ್ದಾಗಲೇ ತೀರಿಕೊಂಡರು. ಇಷ್ಟು ವರ್ಷ ನೋಡಿದವನು ಎಂದು ಆಕಾಶ ಯಾರಿಗೂ ರಿಯಾಯಿತಿ ಕೊಡುವದಿಲ್ಲ.

ನಮ್ಮಲ್ಲಿ ಅಂಥ ಸುಂಟರಗಾಳಿ ಇಲ್ಲ. ಆದರೆ ನಮ್ಮ ಬೀದರ ಸೀಮೆಯ ಮಾರ್ಚ್, ಏಪ್ರಿಲ್, ಮೇ ತಿಂಗಳ ಮಳೆಯೂ ಸಾಧುವಲ್ಲ. ಬೆಳಗಿನಿಂದ ನೆಲ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಸಮುದ್ರದ ಕಡೆಯ ತೇವದ ಗಾಳಿ ಅದಕ್ಕೆ ಕೂಡಿದರೆ ಮಧ್ಯಾಹ್ನದ ಹೊತ್ತಿಗೆ ಹೂಕೋಸಿನ ಗಡ್ಡೆಯಂತೆ ಮೋಡ ಉಬ್ಬಿ 12-15 ಕಿಲೋಮೀಟರು ಎತ್ತರಕ್ಕೆ ಹೋಗುತ್ತದೆ. ಅಷ್ಟು ಮೇಲೆ ಎಲ್ಲ ಬರ್ಫವೇ. ಬರ್ಫದ ಹರಳುಗಳು ಒಂದಕ್ಕೊಂದು ತಾಕಿ ಮೋಡದಲ್ಲಿ ವಿದ್ಯುತ್ತು ಕೂಡುತ್ತದೆ. ಅದೇ ಮೋಡದಿಂದ ಸಿಡಿಲು, ಅದೇ ಮೋಡದಿಂದ ಆಲಿಕಲ್ಲು. 2014ರ ಫೆಬ್ರುವರಿ ಕೊನೆಯಿಂದ ಮಾರ್ಚದ ನಡುವಿನವರೆಗೆ ನಮ್ಮ ನೆರೆಯ ಮರಾಠವಾಡದಲ್ಲಿ ಮತ್ತೆ ಮತ್ತೆ ಆಲಿಕಲ್ಲು ಬಿದ್ದು, ಕೈಗೆ ಬಂದ ಜೋಳ, ಕಡಲೆ, ದ್ರಾಕ್ಷಿ ನೆಲಕಚ್ಚಿದ್ದು ನಿಮಗೆ ನೆನಪಿರಬಹುದು. ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು. ಸಿಡಿಲಿನ ಲೆಕ್ಕ ಹಾಗಲ್ಲ. ನಮ್ಮ ದೇಶದಲ್ಲಿ 2020, 2021, 2022 ಈ ಮೂರು ವರ್ಷಗಳಲ್ಲಿ ಪ್ರತಿ ವರ್ಷವೂ 2800ಕ್ಕಿಂತ ಹೆಚ್ಚು ಜನ ಸಿಡಿಲಿಗೆ ಬಲಿಯಾದರು. ಅವರಲ್ಲಿ ಬಹಳ ಮಂದಿ ಹೊಲದಲ್ಲಿ ದುಡಿಯುವವರು, ದನ ಕಾಯುವವರು.

ಈಗ ಮತ್ತೆ ಕಟ್ಟೆಗೆ ಬರೋಣ. ನಾನು ಹೇಳಿದ ಆ ಯುಗಾದಿಯ ದಿನ ಎಲ್ಲರೂ ನಗುತ್ತಿರುವಾಗ ಒಬ್ಬ ಕಾಕಾ ಮಾತ್ರ ಸುಮ್ಮನೆ ಕೂತಿದ್ದರು. ಒಂದು ಕಾಲಕ್ಕೆ ಆ ಕಟ್ಟೆಯ ಮೇಲೆ ಎಲ್ಲರಿಗಿಂತ ದೊಡ್ಡ ದನಿ ಅವರದೇ ಅಂತೆ. ಮೂರು ವರ್ಷದ ಹಿಂದೆ ರೋಹಿಣಿ ಮಳೆಯ ಹೊತ್ತಿನಲ್ಲಿ ಅವರು ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದರು. ಮೂಡಣದಲ್ಲಿ ಗುಡುಗಿತು. ಬಾಜೂ ಹೊಲದವರು “ಬರ್ರಿ, ಮನಿ ಕಡಿ ನಡೀರಿ” ಎಂದು ಕೂಗಿದರು. “ಇನ್ನೂ ದೂರ ಅದ. ಎರಡು ಸಾಲು ಉಳದಾವ, ಮುಗಿಸಿ ಬರ್ತೀನಿ” ಅಂದರು ಕಾಕಾ. ಹನಿ ಬಿದ್ದಾಗ ಎತ್ತುಗಳನ್ನು ಹುಣಸೆ ಗಿಡಕ್ಕೆ ಕಟ್ಟಿ, ಗೋಣಿಚೀಲ ಹೊದ್ದುಕೊಳ್ಳೋಣವೆಂದು ಹತ್ತು ಹೆಜ್ಜೆ ಆಚೆ ಹೋದರು. ಸಿಡಿಲು ಗಿಡಕ್ಕೆ ಬಿತ್ತು. ಎರಡೂ ಎತ್ತು ಕಟ್ಟಿದಲ್ಲೇ ಸತ್ತವು. ಕಾಕಾ ಬಿದ್ದರು, ಉಳಿದರು. ಎಡಗಿವಿ ಇಂದಿಗೂ ಕೇಳಿಸುವದಿಲ್ಲ. ಅಂದು ಕಟ್ಟೆಯ ಮೇಲೆ ನಗೆ ನಿಂತ ಮೇಲೆ ಅವರು ಒಂದೇ ಮಾತು ಆಡಿದರು: “ಎರಡು ಸಾಲಿನ ಆಸಿಗೆ ಎರಡು ಎತ್ತು ಕೊಟ್ಟೆ. ನೀವು ಕೊಡಬ್ಯಾಡ್ರಿ.”

ಎತ್ತುಗಳು ಯಾಕೆ ಸತ್ತವು, ಕಾಕಾ ಯಾಕೆ ಉಳಿದರು? ಸಿಡಿಲು ಗಿಡದಿಂದ ಇಳಿದು ನೆಲದಲ್ಲಿ ಸುತ್ತಲೂ ಹರಿಯುತ್ತದೆ. ಗಿಡದ ಬುಡದಲ್ಲಿ ಅದರ ಜೋರು ಹೆಚ್ಚು, ದೂರ ಹೋದಂತೆ ಕಡಿಮೆ. ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು. ಆ ಅಂತರದಲ್ಲಿ ವಿದ್ಯುತ್ತು ಒಂದು ಕಾಲಿನಿಂದ ಹತ್ತಿ, ಎದೆ ದಾಟಿ, ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಗಿಡದಿಂದ ಪಕ್ಕಕ್ಕೆ ಜಿಗಿದು ಮನುಷ್ಯನಿಗೆ ಬಡಿಯುವದೂ ಉಂಟು. ಆದ್ದರಿಂದ ಮಳೆಯಲ್ಲಿ ಗಿಡ ನೆರಳಲ್ಲ, ಬಲೆ.

ಹಾಗಾದರೆ ಏನು ಮಾಡಬೇಕು? ನೆನಪಿಡುವದಕ್ಕೆ ಸುಲಭವಾಗಲೆಂದು ಬಿಡಿ ಬಿಡಿಯಾಗಿ ಹೇಳುತ್ತೇನೆ.

ಒಂದನೆಯದು, ಎಣಿಸಿರಿ. ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಸಾವಕಾಶ ಎಣಿಸಿರಿ. ಸಪ್ಪಳ ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಹಿಡಿಯುತ್ತದೆ. 30 ಎಣಿಸುವದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗೆ ಅದ ಎಂದು ತಿಳಿಯಿರಿ. ಮುಂದಿನ ಸಿಡಿಲು ನಿಮ್ಮ ಹೊಲಕ್ಕೇ ಬೀಳಬಹುದು. ನೆತ್ತಿಯ ಮೇಲೆ ಮಳೆ ಇಲ್ಲದಿದ್ದರೂ ಕೆಲಸ ಬಿಡಿರಿ. ಎಣಿಸಲು ಬಾರದಿದ್ದರೂ ಚಿಂತೆಯಿಲ್ಲ. ಗುಡುಗು ಕಿವಿಗೆ ಬಿತ್ತೆಂದರೆ ಸಾಕು, ನಡೆಯಿರಿ.

ಎರಡನೆಯದು, ಗಟ್ಟಿ ಗೋಡೆಯ ಮನೆ ಸೇರಿರಿ. ಬಾಗಿಲು ಮುಚ್ಚಿದ ಬಸ್ಸು, ಕಾರು ಆದರೂ ನಡೆಯುತ್ತದೆ. ಹೊಲದ ಗುಡಿಸಲು, ತೆರೆದ ಟ್ರ್ಯಾಕ್ಟರು, ಮೋಟಾರು ಸೈಕಲ್ಲು ಉಪಯೋಗವಿಲ್ಲ. ತಂತಿ ಬೇಲಿ, ಪಂಪಿನ ಪೆಟ್ಟಿಗೆ, ಬಾವಿ, ಕೆರೆ ಇವುಗಳಿಂದ ದೂರವಿರಿ. ಹೊತ್ತು ಇದ್ದರೆ ಮಾತ್ರ ದನ ಬಿಚ್ಚಿಕೊಂಡು ಬನ್ನಿರಿ. ಒಂಟಿ ಗಿಡಕ್ಕೆ ಎಂದೂ ಕಟ್ಟಬೇಡಿರಿ.

ಮೂರನೆಯದು, ಎಲ್ಲಿಯೂ ಆಸರೆ ಸಿಗದಿದ್ದರೆ ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂಡಿರಿ. ನೆಲದ ಮೇಲೆ ಮಲಗಬೇಡಿರಿ. ನಾಲ್ಕು ಜನ ಇದ್ದರೆ ದೂರ ದೂರ ಕೂಡಿರಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊಲಕ್ಕೆ ತಿರುಗಿ ಹೋಗಬೇಡಿರಿ.

ನಾಲ್ಕನೆಯದು, ಸಿಡಿಲು ಬಡಿದವರನ್ನು ಮುಟ್ಟಲು ಅಂಜಬೇಡಿರಿ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತ ಇರಿ. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಸಗಣಿ ಮೆತ್ತುವದರಲ್ಲಿ ಹೊತ್ತು ಕಳೆದರೆ ಬದುಕುವ ಜೀವವೂ ಹೋಗುತ್ತದೆ.

ಮಾಳಿಗೆಯ ಮೇಲೆ ನಿಂತು ಮೊಬೈಲಿನಲ್ಲಿ ಮಿಂಚು ಹಿಡಿಯುವ ತಮ್ಮಂದಿರಿಗೆ ಒಂದು ಮಾತು. ನಿಮ್ಮ ಹುರುಪು ನನಗೆ ಗೊತ್ತದ. ಆದರೆ ಎಲ್ ರೀನೊದ ಕಥೆ ಈಗ ಕೇಳಿದಿರಿ. ಮೊಬೈಲು ಹಿಡಿಯುವದೇ ಆದರೆ ಮನೆಯೊಳಗೆ ಕೂತು ‘ದಾಮಿನಿ’ ತೆರೆಯಿರಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು ಅದು. ನಿಮ್ಮ ಸುತ್ತ 20, 40 ಕಿಲೋಮೀಟರಿನೊಳಗೆ ಸಿಡಿಲಿನ ಸುದ್ದಿ ತಿಳಿಸುತ್ತದೆ. ನೀವು ನೋಡಿ, ಹೊಲದಲ್ಲಿರುವ ಅಪ್ಪನಿಗೆ ಫೋನು ಮಾಡಿರಿ. ಅದಕ್ಕಿಂತ ದೊಡ್ಡ ಶೌರ್ಯ ಇನ್ನೊಂದಿಲ್ಲ.

ಕೊನೆಗೆ ಕಟ್ಟೆಯವರಿಗೆ ಒಂದು ಸೂಚನೆ. ಬಾಯಿ ಬುಡ ಒಂದೇ ಅಗಲವಿರುವ, ತಳ ಸಪಾಟಾದ ಒಂದು ಡಬ್ಬಿಯನ್ನು ಬಯಲಿನಲ್ಲಿ, ಗಿಡ ಗೋಡೆಗಳಿಂದ ದೂರ, ಅಲುಗಾಡದಂತೆ ನಿಲ್ಲಿಸಿರಿ. ದಿನಾಲು ಮುಂಜಾನೆ ಎಂಟೂವರೆಗೆ ಅಳತೆಪಟ್ಟಿ ಇಳಿಸಿ ನೀರು ಎಷ್ಟು ಮಿಲಿಮೀಟರು ನೋಡಿ, ವಹಿಯಲ್ಲಿ ಬರೆದು, ಡಬ್ಬಿ ಚೆಲ್ಲಿರಿ. ಒಂದು ಮಿಲಿಮೀಟರು ಮಳೆ ಎಂದರೆ ಒಂದು ಎಕರೆಗೆ ಸುಮಾರು 4000 ಲೀಟರು ನೀರು. ಗುಡುಗಿದ ದಿನ, ಆಲಿಕಲ್ಲು ಬಿದ್ದ ದಿನ ಬೇರೆ ಗುರುತು ಹಾಕಿರಿ. ಮುಂದಿನ ಯುಗಾದಿಗೆ ಪಂಚಾಂಗದ ಸಂಗಡ ಆ ವಹಿಯನ್ನೂ ಕಟ್ಟೆಗೆ ತರ್ರಿ. ಆಗ ಮುತ್ಯಾನ ಮಾತು ಎಷ್ಟು ಖರೇ ಆಯಿತು, ಕತ್ತೆ ಎಷ್ಟು ದೂರ ನಡೆಯಿತು, ಲೆಕ್ಕ ಹಿಡಿದು ನಗಬಹುದು.

ಮಳೆಯ ಬಗ್ಗೆ ನಗುವದನ್ನು ಬಿಡಬೇಡಿರಿ, ಬಂಧುಗಳೇ. ಕಷ್ಟದ ಬೇಸಾಯಕ್ಕೆ ಅದೊಂದು ಬಲ. ಆದರೆ ಗುಡುಗು ಕೇಳಿದ ಮೇಲೆ ಎರಡು ಸಾಲಿನ ಆಸೆ ಬೇಡ. ಸಾಲು ನಾಳೆಯೂ ಅಲ್ಲೇ ಇರುತ್ತದೆ. ಈ ವರ್ಷ ಕಟ್ಟೆಯ ಮೇಲೆ ಎಷ್ಟು ಜನ ಕೂತಿದ್ದಿರೋ ಮುಂದಿನ ಯುಗಾದಿಗೂ ಅಷ್ಟೇ ಜನ ಕೂಡಿರಿ.